ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ನಮ್ಮ ಹೃದಯ

ಅಡಿಕೆ ತೂಕಕ್ಕೆಂದೋ ಗೊಬ್ಬರ ಒಯ್ಯಲೆಂದೋ ಸಂಘಕ್ಕೆ ಬರುವ ಸದಸ್ಯರು ಹಿಂದೆಲ್ಲ ಮಳೆ, ಕೊಳೆರೋಗ, ಧಾರಣೆ ಇವುಗಳ ಮಾತನ್ನೇ ಆಡುತ್ತಿದ್ದರು. ಈಗ ಇನ್ನೊಂದು ಮಾತು ಸೇರಿಕೊಂಡಿದೆ. "ನಿಮ್ಮದು ಎಷ್ಟು ಬಂತು?" ಎಂದು ಒಬ್ಬರು ಕೇಳಿದರೆ ಅದು ಕ್ವಿಂಟಾಲಿನ ಲೆಕ್ಕವೋ ರಕ್ತದಲ್ಲಿನ ಸಕ್ಕರೆಯ ಲೆಕ್ಕವೋ ಎಂದು ತಿಳಿಯುವುದೇ ಕಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಇದು ಪೇಟೆಯವರ ಕಾಯಿಲೆ ಎಂದು ಹೇಳಿ ನಾವು ದೂರ ನಿಲ್ಲುವ ಕಾಲ ಮುಗಿಯಿತು.

ಈ ಲೇಖನ ಬರೆಯಲು ನಮ್ಮ ಇಬ್ಬರು ಸದಸ್ಯರ ಅನುಭವವೇ ಕಾರಣ. ಒಬ್ಬರು ಮದುವೆಮನೆಯಲ್ಲಿ "ಸಕ್ಕರೆ ಮಾತ್ರೆ ಹಾರ್ಟಿಗೆ ಕೆಟ್ಟದ್ದಂತೆ" ಎಂಬ ಮಾತು ಕೇಳಿ, ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟರು. ಎರಡು ತಿಂಗಳಲ್ಲಿ ಕಾಲಿನ ಚಿಕ್ಕ ಗಾಯ ಕೊಳೆತು ಆಸ್ಪತ್ರೆ ಸೇರಬೇಕಾಯಿತು. ಇನ್ನೊಬ್ಬರು ಇದಕ್ಕೆ ತದ್ವಿರುದ್ಧ. ವರ್ಷಗಳ ಹಿಂದೆ ಬರೆದುಕೊಟ್ಟ ಚೀಟಿಯನ್ನೇ ಔಷಧದ ಅಂಗಡಿಗೆ ತೋರಿಸಿ ಅದೇ ಮಾತ್ರೆ ತರುತ್ತಿದ್ದರು. ಕಾಲು ಬಾತುಕೊಂಡರೆ ವಯಸ್ಸಾಯಿತು ಎಂದರು. ಏರು ಹತ್ತುವಾಗ ಏದುಸಿರು ಬಂದರೆ ಅದಕ್ಕೂ ವಯಸ್ಸೇ ಕಾರಣ ಎಂದರು. ಕೊನೆಗೆ ಪರೀಕ್ಷಿಸಿದಾಗ ತಿಳಿಯಿತು, ಅವರ ಹೃದಯ ಬಲಗುಂದಿತ್ತು. ಅವರು ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ಅಂಥವರಿಗೆ ಸಲ್ಲದ ಜಾತಿಯದು.

ಇಬ್ಬರೂ ಮಾಡಿದ್ದು ಒಂದೇ ತಪ್ಪು: ತಾವು ನುಂಗುವ ಮಾತ್ರೆ ಯಾವುದು, ಅದು ಹೃದಯಕ್ಕೆ ಏನು ಮಾಡುತ್ತದೆ ಎಂದು ಡಾಕ್ಟರನ್ನು ಕೇಳಲಿಲ್ಲ. ಈ ಪ್ರಶ್ನೆ ಕೇಳುವುದು ಹೇಗೆ, ಏಕೆ ಎಂಬುದೇ ಈ ಸಲದ ಪಾಠ.

ಸಕ್ಕರೆಗೂ ಹೃದಯಕ್ಕೂ ಏನು ಸಂಬಂಧ?

ಸಕ್ಕರೆ ಕಾಯಿಲೆ ಇರುವವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳಗಳ ರೋಗ. ಬಹುಕಾಲ ಹೆಚ್ಚಿರುವ ಸಕ್ಕರೆ ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ. ರಕ್ತದೊತ್ತಡ, ಕೊಬ್ಬು, ತಂಬಾಕು ಜೊತೆಗೂಡಿದರೆ ಕೆಡುಕು ಬೇಗ. ಹೃದಯಕ್ಕೆ ರಕ್ತ ಒದಗಿಸುವ ನಾಳ ಕಟ್ಟಿಕೊಂಡರೆ ಅದು ಹೃದಯಾಘಾತ. ಹೃದಯದ ಸ್ನಾಯು ಬಲಗುಂದಿ, ಸವೆದ ಪಂಪಿನಂತೆ ರಕ್ತವನ್ನು ಸರಿಯಾಗಿ ಎತ್ತಲಾರದೆ ಹೋದರೆ ಅದು ಹೃದಯ ವೈಫಲ್ಯ. ವೈಫಲ್ಯವೆಂದರೆ ಹೃದಯ ನಿಂತುಹೋಯಿತೆಂದಲ್ಲ. ಅದು ದುರ್ಬಲವಾಗಿದೆ, ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತಿದೆ ಎಂದರ್ಥ. ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಒಂದು ಮಾತ್ರೆ ಮೊದಲನೆಯದಕ್ಕೆ ನಿರಪಾಯವಾಗಿದ್ದು ಎರಡನೆಯದಕ್ಕೆ ಅಪಾಯವಾಗಬಹುದು.

ಹಾಗಾದರೆ ಸಕ್ಕರೆ ಇಳಿಸುವ ಯಾವ ಮಾತ್ರೆಯಾದರೂ ಹೃದಯವನ್ನು ಕಾಯಬೇಕಲ್ಲವೆ? ಡಾಕ್ಟರುಗಳೂ ಬಹುಕಾಲ ಹೀಗೆಯೇ ನಂಬಿದ್ದರು. ಆದರೆ ತೋಟದಲ್ಲಿ ನಾವು ಕಾಣುವುದೇನು? ಸಾರಜನಕ ಸುರಿದರೆ ಸೋಗೆ ಹಸಿರಾಗುತ್ತದೆ. ಸೋಗೆ ಹಸಿರಾದ ಮಾತ್ರಕ್ಕೆ ಎಳೆಗಾಯಿ ಉದುರದೆ ನಿಲ್ಲುತ್ತದೆಯೆ? ಎಲೆಯ ಬಣ್ಣ ಒಂದು ಲೆಕ್ಕ, ಕೊನೆಯ ತೂಕ ಇನ್ನೊಂದು ಲೆಕ್ಕ. ಹಾಗೆಯೇ ಸಕ್ಕರೆಯ ಅಂಕಿ ಇಳಿಯುವುದು ಒಂದು ಲೆಕ್ಕ, ಹೃದಯ ಉಳಿಯುವುದು ಇನ್ನೊಂದು ಲೆಕ್ಕ.

ಮೊದಲ ಎಚ್ಚರಿಕೆ: 1970

ಸಕ್ಕರೆ ಇಳಿಸುವ ಮಾತ್ರೆಗಳ ಹಿರಿಯ ಕುಟುಂಬ ಸಲ್ಫೋನೈಲ್ ಯೂರಿಯಾ. 1942ರಲ್ಲಿ ಫ್ರಾನ್ಸ್ ದೇಶದ ಮಾಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾನ್‌ಬೋನ್ ಎಂಬ ವೈದ್ಯರು ವಿಷಮಶೀತ ಜ್ವರಕ್ಕೆ ಒಂದು ಗಂಧಕದ ಔಷಧ ಕೊಟ್ಟಾಗ ಕೆಲವು ರೋಗಿಗಳ ಸಕ್ಕರೆ ವಿಪರೀತ ಕುಸಿಯಿತು. ಆ ಅನಿರೀಕ್ಷಿತ ಘಟನೆಯಿಂದ ಹುಟ್ಟಿದ್ದು ಈ ಕುಟುಂಬ. ಅದರ ಆರಂಭದ ಮಾತ್ರೆಗಳಲ್ಲಿ ಒಂದು ಟಾಲ್‌ಬ್ಯುಟಮೈಡ್.

1961ರಿಂದ ಅಮೆರಿಕದ 12 ವೈದ್ಯಕೇಂದ್ರಗಳು ಸೇರಿ ಒಂದು ಪರೀಕ್ಷೆ ನಡೆಸಿದವು. ಹೊಸ ಮದ್ದು ಬಂದಾಗ ಜಾಣ ಬೆಳೆಗಾರ ಅರ್ಧ ತೋಟಕ್ಕೆ ಹೊಡೆದು ಅರ್ಧ ಹಾಗೇ ಬಿಟ್ಟು ನೋಡುತ್ತಾನೆ. ಅದೇ ರೀತಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನ 204 ಜನರಿಗೆ ಟಾಲ್‌ಬ್ಯುಟಮೈಡ್, ಇನ್ನೊಂದರ 205 ಜನರಿಗೆ ನೋಡಲು ಅದರಂತೆಯೇ ಇದ್ದ ಔಷಧವಿಲ್ಲದ ಮಾತ್ರೆ. ಉಳಿದ ಗುಂಪುಗಳಿಗೆ ಇನ್ಸುಲಿನ್ ಮುಂತಾದವು. ಹೃದಯ ಮತ್ತು ರಕ್ತನಾಳದ ರೋಗದಿಂದ ಸತ್ತವರ ಲೆಕ್ಕ 1970ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆಚ್ಚಿತು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 10 ಮಂದಿ. ಟಾಲ್‌ಬ್ಯುಟಮೈಡ್ ತೆಗೆದುಕೊಂಡವರಲ್ಲಿ 26 ಮಂದಿ.

ಈ ಫಲಿತಾಂಶದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಗುಂಪುಗಳು ಸಮವಾಗಿರಲಿಲ್ಲ, ಟಾಲ್‌ಬ್ಯುಟಮೈಡ್ ಗುಂಪಿನಲ್ಲಿ ಮೊದಲೇ ಹೃದಯ ಕೆಟ್ಟವರು ಹೆಚ್ಚಿದ್ದರು ಎಂದು ಹಲವರು ಆಕ್ಷೇಪಿಸಿದರು. ಆದರೂ 1984ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಕುಟುಂಬದ ಮಾತ್ರೆಗಳ ವಿವರಪತ್ರದಲ್ಲಿ ಹೃದಯದ ಎಚ್ಚರಿಕೆ ಮುದ್ರಿಸಬೇಕೆಂದು ವಿಧಿಸಿತು.

ಹಾಗಾದರೆ ಇಂದು ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗ್ಲಿಮೆಪಿರೈಡ್ ಕೂಡ ಅದೇ ಕುಟುಂಬದ್ದಲ್ಲವೆ? ಹೌದು. ಅದಕ್ಕೂ ಉತ್ತರ ದೊರೆತಿದೆ. 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 6,000ಕ್ಕೂ ಹೆಚ್ಚು ರೋಗಿಗಳಲ್ಲಿ ಗ್ಲಿಮೆಪಿರೈಡನ್ನು ಲಿನಾಗ್ಲಿಪ್ಟಿನ್ ಎಂಬ ಮಾತ್ರೆಯೊಡನೆ ಹೋಲಿಸಿದರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಇವುಗಳ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಿನಾಗ್ಲಿಪ್ಟಿನ್ ಹೃದಯಕ್ಕೆ ಕೆಡುಕು ಮಾಡದೆಂದು ಹಿಂದಿನ ವರ್ಷವೇ ಇನ್ನೊಂದು ಪರೀಕ್ಷೆ ತೋರಿಸಿದ್ದರಿಂದ ಗ್ಲಿಮೆಪಿರೈಡ್ ಬಗ್ಗೆ ಇದ್ದ ಭಯ ಬಹುಮಟ್ಟಿಗೆ ಇಳಿಯಿತು. ಆದರೆ ಸಕ್ಕರೆ ತೀರಾ ಕುಸಿಯುವ ತೊಂದರೆ ಗ್ಲಿಮೆಪಿರೈಡ್ ತೆಗೆದುಕೊಂಡ 100 ಮಂದಿಯಲ್ಲಿ ಸುಮಾರು 38 ಜನರಿಗೆ, ಲಿನಾಗ್ಲಿಪ್ಟಿನ್ ತೆಗೆದುಕೊಂಡವರಲ್ಲಿ ಸುಮಾರು 11 ಜನರಿಗೆ ಕಾಣಿಸಿತು. ತೋಟದಲ್ಲಿ ದುಡಿಯುವ ನಮಗೆ ಇದು ಮುಖ್ಯವಾದ ಅಂಶ. ಇದರ ಮಾತು ಮುಂದೆ ಬರುತ್ತದೆ.

ಎರಡನೆಯ ಎಚ್ಚರಿಕೆ: 2007

1999ರಲ್ಲಿ ರೋಸಿಗ್ಲಿಟಜೋನ್ ಎಂಬ ಹೊಸ ಮಾತ್ರೆ ಅಮೆರಿಕದಲ್ಲಿ ಬಂತು. ಬಹುಬೇಗ ಲೋಕವೆಲ್ಲ ಹರಡಿತು. ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತಿತ್ತು. 2007ರಲ್ಲಿ ಸ್ಟೀವನ್ ನಿಸ್ಸೆನ್ ಮತ್ತು ಕ್ಯಾಥಿ ವೋಲ್‌ಸ್ಕಿ ಎಂಬಿಬ್ಬರು 42 ಪರೀಕ್ಷೆಗಳ ಅಂಕಿಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಈ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತದ ಸಂಭವ ಶೇಕಡಾ 43ರಷ್ಟು ಹೆಚ್ಚೆಂದು ಅವರ ಲೆಕ್ಕ ಹೇಳಿತು. 2010ರಲ್ಲಿ ಯುರೋಪು ಅದರ ಮಾರಾಟ ತಡೆಯಿತು. ಅದೇ ವರ್ಷ ಭಾರತವೂ ನಿಷೇಧಿಸಿತು. ಅಮೆರಿಕ ಬಿಗಿ ನಿರ್ಬಂಧ ಹಾಕಿತು. ಮುಂದೆ ಒಂದು ದೊಡ್ಡ ಪರೀಕ್ಷೆಯ ಕಾಗದಗಳನ್ನು ಮತ್ತೆ ಪರಿಶೀಲಿಸಿ, ಹೃದಯಾಘಾತದ ದೋಷ ಅಷ್ಟು ಖಚಿತವಲ್ಲವೆಂದು 2013ರಲ್ಲಿ ಆ ನಿರ್ಬಂಧ ಸಡಿಲಿಸಿತು.

ಆದರೆ ಒಂದು ದೋಷದ ಬಗ್ಗೆ ವಿವಾದವಿಲ್ಲ. ಈ ಕುಟುಂಬದ ಮಾತ್ರೆಗಳು ಶರೀರದಲ್ಲಿ ಉಪ್ಪುನೀರನ್ನು ಹಿಡಿದಿಡುತ್ತವೆ. ಬಲಗುಂದಿದ ಹೃದಯಕ್ಕೆ ಇದು ಮಿತಿಮೀರಿದ ಹೊರೆ. ಇದೇ ಕುಟುಂಬದ ಪಯೋಗ್ಲಿಟಜೋನ್ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ. 2013ರ ಜೂನ್‌ನಲ್ಲಿ ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ ಸರಕಾರ ಅದನ್ನು ತಡೆದು, ಜುಲೈ ಕೊನೆಯಲ್ಲಿ ಎಚ್ಚರಿಕೆಯ ಷರತ್ತಿನೊಡನೆ ಮತ್ತೆ ಬಿಟ್ಟಿತು. ತಕ್ಕ ರೋಗಿಗೆ ಅದು ಉಪಯುಕ್ತವೇ. ಹೃದಯ ವೈಫಲ್ಯ ಇರುವವರಿಗೆ ಮಾತ್ರ ಕೂಡದು. ನಮ್ಮ ಎರಡನೆಯ ಸದಸ್ಯರ ಚೀಟಿಯಲ್ಲಿದ್ದದ್ದು ಇದೇ. ಬರೆದುಕೊಟ್ಟ ದಿನ ಅದು ತಪ್ಪಾಗಿರಲಿಲ್ಲ. ನಡುವಿನ ವರ್ಷಗಳಲ್ಲಿ ಹೃದಯ ಬದಲಾಯಿತು, ಚೀಟಿ ಬದಲಾಗಲಿಲ್ಲ.

ಈ ಗದ್ದಲದಿಂದ ಒಂದು ಒಳ್ಳೆಯದಾಯಿತು. ಸಕ್ಕರೆ ಇಳಿಸುತ್ತದೆಂದು ತೋರಿಸಿದರೆ ಸಾಲದು, ಹೃದಯಕ್ಕೆ ಕೆಡುಕಿಲ್ಲವೆಂದೂ ತೋರಿಸಬೇಕೆಂದು 2008ರಲ್ಲಿ ಅಮೆರಿಕದ ಔಷಧ ಇಲಾಖೆ ಕಂಪನಿಗಳಿಗೆ ಸೂಚಿಸಿತು.

ಹೃದಯ ಕಾಯುವ ಮಾತ್ರೆಗಳು

ಆ ಸೂಚನೆಯಂತೆ ನಡೆದ ಪರೀಕ್ಷೆಗಳಿಂದ ಯಾರೂ ನಿರೀಕ್ಷಿಸದ ಸುದ್ದಿ ಬಂತು. ಸೇಬಿನ ಮರದ ಬೇರಿನ ತೊಗಟೆಯಲ್ಲಿ ಫ್ಲೋರಿಜಿನ್ ಎಂಬ ಕಹಿ ಪದಾರ್ಥವಿದೆಯೆಂದು 1835ರಲ್ಲೇ ಗೊತ್ತಾಗಿತ್ತು. ಅದು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕಿಸುತ್ತದೆ. ಅದರ ಜಾಡು ಹಿಡಿದು ಮಾಡಿದ ಹೊಸ ಮಾತ್ರೆಗಳೇ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮೊದಲಾದವು. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಪರೀಕ್ಷೆಯ ಫಲಿತಾಂಶ ಹೊರಬಂತು. ಮೊದಲೇ ಹೃದಯ ಅಥವಾ ರಕ್ತನಾಳದ ರೋಗವಿದ್ದ ಸುಮಾರು 7,000 ರೋಗಿಗಳನ್ನು 3 ವರ್ಷ ಗಮನಿಸಿದ್ದರು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡ ಪ್ರತಿ 100 ಮಂದಿಯಲ್ಲಿ ಹೃದ್ರೋಗದಿಂದ ಸತ್ತವರು ಸುಮಾರು 6; ಎಂಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಸುಮಾರು 4. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದೂ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಎರಡು ಗುಂಪುಗಳ ಸಕ್ಕರೆಯಲ್ಲಿ ಇದ್ದ ವ್ಯತ್ಯಾಸ ಅಲ್ಪ. ಹೃದಯಕ್ಕೆ ಆದ ಲಾಭ ದೊಡ್ಡದು. 2019ರಲ್ಲಿ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಉಪಕಾರಿ ಎಂದು ಸಿದ್ಧವಾಯಿತು. ಸೋಗೆಯ ಬಣ್ಣ ಬೇರೆ, ಕೊನೆಯ ತೂಕ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಳೆಯ ಮೆಟ್‌ಫಾರ್ಮಿನ್ ಮಾತ್ರೆಗೂ ಒಳ್ಳೆಯ ಹೆಸರಿದೆ. ಇದರ ಮೂಲವೂ ಒಂದು ಸಸ್ಯ. ಯುರೋಪಿನ ಗಲೀಗ ಎಂಬ ದ್ವಿದಳ ಗಿಡ. 1957ರಲ್ಲಿ ಜಾನ್ ಸ್ಟರ್ನ್ ಎಂಬ ಫ್ರೆಂಚ್ ವೈದ್ಯರು ಇದನ್ನು ಸಕ್ಕರೆ ಕಾಯಿಲೆಗೆ ಬಳಸಿದ ವಿವರ ಪ್ರಕಟಿಸಿದರು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ ದೀರ್ಘ ಪರೀಕ್ಷೆಯಲ್ಲಿ, ಮೈತೂಕ ಹೆಚ್ಚಿದ್ದ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟಾಗ ಹೃದಯಾಘಾತ ಶೇಕಡಾ 39ರಷ್ಟು ಕಡಿಮೆಯಾಯಿತು. ಆ ಗುಂಪು ಚಿಕ್ಕದು, 342 ಜನ ಮಾತ್ರ. ಆದರೂ ಹಲವು ದಶಕಗಳ ಅನುಭವ ಇದರ ಪರವಾಗಿದೆ. ಮೂತ್ರಪಿಂಡ ತೀರಾ ಕೆಟ್ಟವರು ಮಾತ್ರ ಇದನ್ನು ತೆಗೆದುಕೊಳ್ಳಬಾರದು.

ಮಾತ್ರೆಯ ಮನೆತನ ಗುರುತಿಸುವುದು

ಮಾತ್ರೆಯ ಹಾಳೆಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ಔಷಧದ ನಿಜನಾಮ ಚಿಕ್ಕದಾಗಿ ಇರುತ್ತದೆ. ನಿಜನಾಮವನ್ನು ಓದಬೇಕು. ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿದ ಒಂದೇ ಮಾತ್ರೆ ಹೆಚ್ಚು. ಆದ್ದರಿಂದ ಎಲ್ಲ ಹೆಸರುಗಳನ್ನೂ ಓದಬೇಕು. ಹೆಸರಿನ ಬಾಲ ನೋಡಿದರೆ ಮನೆತನ ತಿಳಿಯುತ್ತದೆ.

1. ಮೆಟ್‌ಫಾರ್ಮಿನ್: ಹೃದಯಕ್ಕೆ ಕೆಡುಕಿಲ್ಲ, ಒಳಿತಿನ ಸಾಕ್ಷಿ ಇದೆ.

2. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್: ಅಗ್ಗ, ಪರಿಣಾಮಕಾರಿ. ಸಕ್ಕರೆ ಕುಸಿಯುವ ಭಯವಿದೆ.

3. 'ಗ್ಲಿಟಜೋನ್' ಎಂದು ಕೊನೆಯಾಗುವವು: ನೀರು ಹಿಡಿಯುತ್ತವೆ. ಹೃದಯ ವೈಫಲ್ಯವಿದ್ದರೆ ಕೂಡದು.

4. 'ಗ್ಲಿಪ್ಟಿನ್' ಎಂದು ಕೊನೆಯಾಗುವವು: ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ದೊಡ್ಡ ಪರೀಕ್ಷೆಗಳಲ್ಲಿ ಹೃದಯಕ್ಕೆ ಒಳಿತನ್ನೂ ಕೆಡುಕನ್ನೂ ಮಾಡಲಿಲ್ಲ. ಸಾಕ್ಸಾಗ್ಲಿಪ್ಟಿನ್ ಮಾತ್ರ 2013ರ ಪರೀಕ್ಷೆಯಲ್ಲಿ ಹೃದಯ ವೈಫಲ್ಯದ ಆಸ್ಪತ್ರೆವಾಸವನ್ನು 100ಕ್ಕೆ 2.8ರಿಂದ 3.5ಕ್ಕೆ ಏರಿಸಿತು.

5. 'ಗ್ಲಿಫ್ಲೋಜಿನ್' ಎಂದು ಕೊನೆಯಾಗುವವು: ಹೃದಯ ವೈಫಲ್ಯ ತಡೆಯುತ್ತವೆ, ಮೂತ್ರಪಿಂಡವನ್ನೂ ಕಾಯುತ್ತವೆ. ಆದರೆ ಗುಪ್ತಾಂಗದಲ್ಲಿ ಬೂಸ್ಟಿನ ತುರಿಕೆ ಬರಬಹುದು, ಶುಚಿತ್ವ ಅಗತ್ಯ. ವಾಂತಿ, ಭೇದಿ, ಊಟ ಸೇರದ ಜ್ವರ ಬಂದಾಗ ಇವನ್ನು ತಡೆಹಿಡಿದು ಕೂಡಲೇ ಡಾಕ್ಟರನ್ನು ಕೇಳಬೇಕು. ಇಲ್ಲವಾದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯವಾದೀತು. ದೀರ್ಘ ಉಪವಾಸದ ವ್ರತಕ್ಕೆ ಮುಂಚೆ, ಶಸ್ತ್ರಚಿಕಿತ್ಸೆಗೆ ಮುಂಚೆಯೂ ತಿಳಿಸಲೇಬೇಕು.

ಕೊನೆಯ ಮನೆತನದ ಮಾತ್ರೆಗಳು ಮೊದಲು ದುಬಾರಿಯಾಗಿದ್ದವು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟು 2020ರಲ್ಲಿ, ಎಂಪಾಗ್ಲಿಫ್ಲೋಜಿನ್ ಪೇಟೆಂಟು 2025ರ ಮಾರ್ಚ್‌ನಲ್ಲಿ ಮುಗಿದು, ಅನೇಕ ಕಂಪನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿದಿದೆ. ಹಿಂದೆ ಬೆಲೆ ಕೇಳಿ ಬೇಡವೆಂದವರು ಈಗ ಮತ್ತೊಮ್ಮೆ ವಿಚಾರಿಸಬಹುದು. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಬಹುದು.

ಮರದ ಮೇಲೆ ಸಕ್ಕರೆ ಕುಸಿದರೆ

ಸಕ್ಕರೆ ತೀರಾ ಇಳಿದಾಗ ಶರೀರ ಗಾಬರಿಯಿಂದ ಅಡ್ರಿನಲಿನ್ ಸುರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಬರುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಮೊದಲೇ ಕೆಟ್ಟ ಹೃದಯಕ್ಕೆ ಈ ಹೊಡೆತ ಸಣ್ಣದಲ್ಲ. ಬಡಿತ ತಾಳ ತಪ್ಪಬಹುದು. ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೆಂಬುದೂ ಸರಿಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 10,251 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಸಕ್ಕರೆಯನ್ನು ಬಲು ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ 257 ಮಂದಿ ಸತ್ತರು. ಸಾಧಾರಣ ಹತೋಟಿಯ ಗುಂಪಿನಲ್ಲಿ 203 ಮಂದಿ. ಕಾರಣ ಪೂರ್ತಿ ತಿಳಿಯದಿದ್ದರೂ 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಿದರು.

ನಮ್ಮ ಕೆಲಸದ ರೀತಿ ಇಲ್ಲಿ ಗಮನಾರ್ಹ. ಕೊನೆ ಕೊಯ್ಲಿನ ದಿನ ಬೆಳಿಗ್ಗೆ ಮಾತ್ರೆ ನುಂಗಿ, ಬರೀ ಕಾಫಿ ಕುಡಿದು ತೋಟಕ್ಕೆ ಇಳಿಯುತ್ತೇವೆ. ತಿಂಡಿ ಹತ್ತು ಗಂಟೆಗೋ ಹನ್ನೊಂದಕ್ಕೋ. ಕಾಫಿ ಕೊಯ್ಲಿನ ತೂಕದ ಸಂಜೆಯೂ ಹೀಗೆಯೇ. ಎರಡನೆಯ ಮನೆತನದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಆಪತ್ತು. ಮಾತ್ರೆ ತೆಗೆದುಕೊಂಡರೆ ಊಟ ತಪ್ಪಬಾರದು. ಊಟವಿಲ್ಲವೆಂದಾದರೆ ಮಾತ್ರೆಯನ್ನು ಏನು ಮಾಡಬೇಕೆಂದು ಡಾಕ್ಟರಿಂದ ಮೊದಲೇ ತಿಳಿದಿರಬೇಕು. ಅಂಥವರು ಬರಿಹೊಟ್ಟೆಯಲ್ಲಿ ಮರ ಹತ್ತಬಾರದು, ಜೀಪು ನಡೆಸಬಾರದು. ದೋಟಿಯಿಂದ ಕೊಯ್ಯುವವರೂ ಒಬ್ಬರೇ ಇರಬಾರದು.

ಲಕ್ಷಣ ಕಂಡೊಡನೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೊಮ್ಮೆ. ಆಮೇಲೆ ಊಟ ಮಾಡಲೇಬೇಕು, ಏಕೆಂದರೆ ಸಕ್ಕರೆ ಮತ್ತೆ ಕುಸಿಯಬಹುದು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಔಷಧವೂ ಮಾತ್ರೆಯಲ್ಲಿ ಸೇರಿದ್ದರೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಎದೆ ಹೊಡೆತ ತಿಳಿಯದೆ ಹೋಗಬಹುದು; ಬೆವರನ್ನೇ ಗುರುತಾಗಿ ಹಿಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಹತ್ತು ವರ್ಷದಿಂದ ನಡೆದಿದೆ. ನಿಲ್ಲಿಸಬೇಕೆ?
ಉತ್ತರ: ನೀವಾಗಿ ನಿಲ್ಲಿಸಬೇಡಿ. ಅದರ ಪರಿಣಾಮ ಬಹಳ ಹೊತ್ತು ಇರುವುದರಿಂದ ವಯಸ್ಸಾದವರಲ್ಲಿ, ಮೂತ್ರಪಿಂಡ ಬಲಗುಂದಿದವರಲ್ಲಿ ಸಕ್ಕರೆ ಕುಸಿಯುವುದು ಹೆಚ್ಚು. ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಪ್ರಶ್ನೆ: ಸಕ್ಕರೆ ಸರಿಯಾಗಿದೆ. ಹೃದಯದ ಚಿಂತೆ ಏಕೆ?
ಉತ್ತರ: ಹೃದಯ ಉಳಿಯುವುದು ಸಕ್ಕರೆಯೊಂದರಿಂದಲ್ಲ. ರಕ್ತದೊತ್ತಡ, ಕೊಬ್ಬು ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಬಿಡಬೇಕು. ಅಡಿಕೆ ಬೆಳೆಗಾರರಾದ ನಾವೇ ಹೇಳಬೇಕಾದ ಮಾತು: ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆ ಹೃದಯದ ಶತ್ರು. ಮೇಲಾಗಿ, ಸಕ್ಕರೆ ಕಾಯಿಲೆಯವರಿಗೆ ನರಗಳು ಮಂದವಾಗಿ ಎದೆನೋವಿಲ್ಲದೆಯೇ ಹೃದಯಾಘಾತ ಆಗಬಹುದು. ಏಕಾಏಕಿ ಏದುಸಿರು, ತಣ್ಣನೆ ಬೆವರು, ವಿಪರೀತ ಸುಸ್ತು ಬಂದರೆ ವಾಯು ಎಂದು ಕಷಾಯ ಕುಡಿದು ಮಲಗಬಾರದು.

ಪ್ರಶ್ನೆ: ಡಾಕ್ಟರ ಬಳಿ ಏನೆಂದು ಕೇಳಬೇಕು?
ಉತ್ತರ: ಮನೆಯಲ್ಲಿರುವ ಎಲ್ಲ ಮಾತ್ರೆಯ ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಮೂರು ಮಾತು ಕೇಳಿ: "ಈ ಮಾತ್ರೆ ನನ್ನ ಹೃದಯಕ್ಕೆ ಒಳಿತೋ, ಕೆಡುಕೋ, ಎರಡೂ ಅಲ್ಲವೋ? ಸಕ್ಕರೆ ಕುಸಿಯುವ ಭಯವಿದೆಯೆ? ನನ್ನ ಮೂತ್ರಪಿಂಡಕ್ಕೆ ಹೊಂದುತ್ತದೆಯೆ?" ಕಾಲು ಬಾತರೆ, ಕೆಲವೇ ದಿನದಲ್ಲಿ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ಕಾಯದೆ ಹೇಳಿ.

ಮದುವೆಮನೆಯ ಮಾತು ಕೇಳಿ ಮಾತ್ರೆ ಬಿಟ್ಟ ಸದಸ್ಯರು ಈಗ ಚೇತರಿಸಿಕೊಂಡಿದ್ದಾರೆ; ಒಂದು ಕಾಲ್ಬೆರಳು ಹೋಯಿತು. ಇನ್ನೊಬ್ಬರ ಚೀಟಿ ಬದಲಾಗಿದೆ. ಕಾಲಿನ ಬಾವು ಇಳಿದು, ಮನೆಯಿಂದ ತೋಟದ ತನಕ ನಿಲ್ಲದೆ ನಡೆಯುತ್ತಾರೆ. ತೋಟಕ್ಕೆ ಹೊಡೆಯುವ ಮದ್ದಿನ ಹೆಸರು, ಪ್ರಮಾಣ, ಹೊಡೆಯುವ ದಿನ ಇವೆಲ್ಲ ನಮಗೆ ಬಾಯಿಪಾಠ. ದಿನವೂ ನಾವೇ ನುಂಗುವ ಮದ್ದಿನ ಹೆಸರನ್ನೂ ಕಲಿಯೋಣ. ಈ ಸಂಚಿಕೆ ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು, ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಕನ್ನಡಕ ಬೇಕಾದವರು ಮಕ್ಕಳಿಂದ ಓದಿಸಲಿ.